ಮೂರು ನೀರು ಕಂಡ ಸೊಳೆ

ನಮ್ಮ ಮಾವನ ಮಾತನ್ನು ನೀವು ಕಣ್ಣುಮುಚ್ಚಿ ನಂಬಬಹುದು. ಅವರ ಕನ್ನಡಕದ ಡಬ್ಬಿಯನ್ನು ಮಾತ್ರ ನಂಬುವಂತಿರಲಿಲ್ಲ! ಅದರಲ್ಲಿ ಕನ್ನಡಕ ಇರುತ್ತಿರಲಿಲ್ಲ. ಕಾಗದದಲ್ಲಿ ಮಡಚಿಟ್ಟ ಬಿಳಿ ಪುಡಿ ಇರುತ್ತಿತ್ತು. ಗಾಬರಿಯಾಗಬೇಡಿ, ಅದು ಬರೀ ಅಡುಗೆ ಉಪ್ಪು. ಆದರೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ಮನುಷ್ಯನ ಜೇಬಿನಲ್ಲಿ ಅದಕ್ಕಿಂತ ದೊಡ್ಡ ಕಳ್ಳಮಾಲು ಇನ್ನೇನಿದೆ ಹೇಳಿ?

ಮಾವ ಹಂಪನಕಟ್ಟೆಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು. ಅಂಗೈಗೆ ಸಾಂಬಾರು ಹಾಕಿಸಿಕೊಂಡು ನೆಕ್ಕಿ, ಅವರು "ಹ್ಞಾಂ" ಎನ್ನದೆ ಒಂದು ಇಡ್ಲಿಯೂ ಅಡುಗೆಮನೆ ದಾಟುತ್ತಿರಲಿಲ್ಲ. ಅಂಥವರ ಮುಂದೆ ಅತ್ತೆ ಕೊಟ್ಟಾರದ ಮನೆಯಲ್ಲಿ ಉಪ್ಪಿಲ್ಲದ ಸಾರು ತಂದಿಡುತ್ತಿದ್ದರು. ತಾವೂ ಅದನ್ನೇ ಬಡಿಸಿಕೊಂಡು ಎದುರಿಗೆ ಕೂರುತ್ತಿದ್ದರು.

"ಇದು ಸಾರಲ್ಲ ಮಾರಾಯ್ತಿ, ಬಣ್ಣದ ಬಿಸಿನೀರು!"

"ಬಣ್ಣವಾದರೂ ಉಂಟಲ್ಲ, ಉಣ್ಣಿ," ಎನ್ನುತ್ತಿದ್ದರು ಅತ್ತೆ.

ಉಪ್ಪು ತಿಂದರೆ ಬಾಯಾರಿಕೆ, ಬಾಯಾರಿದರೆ ನೀರು, ನೀರು ಕುಡಿದರೆ ತೂಕ. ಡಯಾಲಿಸಿಸ್‌ಗೆ ಮುಂಚೆ ತೂಕ ನೋಡುವಾಗ ಕಳ್ಳತನ ಬಯಲಾಗಲೇಬೇಕು. ಮಾವ ಸೋಲುವವರೇ? ವಾಚು, ಬೆಲ್ಟು, ಚಪ್ಪಲಿ ಕಳಚಿ, ಕೊನೆಗೆ ಹಲ್ಲಿನ ಸೆಟ್ಟನ್ನೂ ನನ್ನ ಕೈಗೆ ಕೊಟ್ಟು ತೂಕದ ಯಂತ್ರ ಹತ್ತುತ್ತಿದ್ದರು. ಹಲ್ಲು ಹಿಡಿದುಕೊಂಡು ನಿಲ್ಲುವ ಅಳಿಯನ ಕಷ್ಟ ಯಾರಿಗೆ ಬೇಕು!

ಈ ನಡುವೆ ಸಕ್ಕರೆಯೂ ಏರತೊಡಗಿತು. ಇನ್ಸುಲಿನ್ ಎಷ್ಟು ಹೆಚ್ಚಿಸಿದರೂ ಬಗ್ಗಲಿಲ್ಲ. ಮಾವನಿಗೆ ಘೋರ ಅವಮಾನ. "ಉಪ್ಪಿನ ವಿಷಯದಲ್ಲಿ ಎಂತ ಬೇಕಾದರೂ ಹೇಳಿ. ಸಿಹಿ ನಾನು ಮುಟ್ಟಿದ್ದೇ ಇಲ್ಲ!" ಅದು ಸತ್ಯವೂ ಆಗಿತ್ತು.

ಆಮೇಲೆ ಬಂತು ಅತ್ತೆ ಮದುವೆಯೊಂದಕ್ಕೆ ಹೋದ ದಿನ. ಕಪಾಟಿನ ಮೇಲೆ ನೆಂಟರಿಗೆಂದು ಎತ್ತಿಟ್ಟಿದ್ದ ಉಪ್ಪಡ್ ಪಚ್ಚಿಲ್ ಭರಣಿಯನ್ನು, ಅಂದರೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು, ಮಾವ ಕೆಳಗಿಳಿಸಿದರು. ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಉಪ್ಪು ತೆಗೆದೇ ಪಲ್ಯ ಮಾಡುವುದು ನಮ್ಮ ಕ್ರಮ. ನನಗೆ ಫೋನು ಬಂತು.

"ಮೂರು ನೀರು ಬದಲಾಯಿಸಿದ್ದೇನೆ ಮಾರಾಯ. ಇದಕ್ಕೂ ಡಯಾಲಿಸಿಸ್ ಆಯ್ತು, ಇನ್ನು ತಿನ್ನಬಹುದು!"

ಸಂಜೆಗೆ ಮಾವನಿಗೆ ಉಸಿರೇ ಸಿಗಲಿಲ್ಲ. ಆಸ್ಪತ್ರೆಗೆ ಓಡಿದೆವು. ಅತ್ತೆ ಮದುವೆಯ ರೇಷ್ಮೆ ಸೀರೆಯಲ್ಲೇ ಬಂದು ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನನಗೆ ನಿಜಕ್ಕೂ ಭಯವಾಯಿತು.

ಮರುದಿನ ಚೇತರಿಸಿಕೊಂಡ ಮಾವನನ್ನು, ನನ್ನಿಂದ ಭರಣಿಯ ಕಥೆ ತಿಳಿದಿದ್ದ ಡಾಕ್ಟರು ಕೇಳಿದರು: "ಮೂರು ನೀರಿಗೆ ಸೊಳೆ ಪೂರ್ತಿ ಉಪ್ಪು ಬಿಟ್ಟಿತಾ?"

"ಮೇಲಿನದ್ದು ಬಿಡ್ತದೆ ಡಾಕ್ಟ್ರೇ. ಒಳಗೆ ಎಳೆದದ್ದು ಅಷ್ಟು ಬೇಗ ಬಿಡುವುದಿಲ್ಲ," ಎಂದರು ಮಾವ, ಹೋಟೆಲಿನವರ ಗತ್ತಿನಲ್ಲಿ.

"ನಿಮ್ಮದೂ ಅದೇ ಕಥೆ. ರಕ್ತದಲ್ಲಿ ಇರುವ ಉಪ್ಪನ್ನು ಮಿಷನ್ ತೆಗೀತದೆ. ಚರ್ಮದಲ್ಲಿ, ಮಾಂಸದಲ್ಲಿ ಕೂತದ್ದು ಸುಲಭಕ್ಕೆ ಬರುವುದಿಲ್ಲ. ಅದು ತುಂಬಿದಲ್ಲಿ ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಕಾಣ್ತದೆ. ಎಲ್ಲ ಇನ್ನೂ ಗೊತ್ತಾಗಿಲ್ಲ. ಹೊಸ ಉಪ್ಪು ಹಾಕಬೇಡಿ, ಹಳೆಯದು ಮೆಲ್ಲ ಇಳಿದೀತು."

ಮಾವ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. "ಅಂದರೆ ಭರಣಿ ನಾನೇ!"

ಅಂದಿನಿಂದ ಕನ್ನಡಕದ ಡಬ್ಬಿಯಲ್ಲಿ ಕನ್ನಡಕವೇ ಉಂಟು. ಬೆಳ್ಳುಳ್ಳಿ, ಕಾಳುಮೆಣಸು ಹಿಡಿದು ಮಾವ ಅಡುಗೆಮನೆಯಲ್ಲಿ ಹೊಸ ಸಂಶೋಧನೆ ಶುರುಮಾಡಿದರು. ಬಾಯಾರಿಕೆ ತಗ್ಗಿತು, ಹಲ್ಲು ಬಾಯಲ್ಲಿಟ್ಟುಕೊಂಡೇ ತೂಕ ನೋಡಿಸಿಕೊಳ್ಳುವಷ್ಟು ಧೈರ್ಯ ಬಂತು. ನಾಲ್ಕು ತಿಂಗಳಾಗುವಾಗ ಸಕ್ಕರೆ ಇಳಿದು, ಡಾಕ್ಟರು ಇನ್ಸುಲಿನ್ ಡೋಸನ್ನೂ ಇಳಿಸಿದರು.

ಆ ಸಂತೋಷಕ್ಕೆ ಕಳೆದ ಭಾನುವಾರ ನನಗೂ ಅಲ್ಲೇ ಊಟ. ಅತ್ತೆ ಎಂದಿನಂತೆ ಉಪ್ಪಿಲ್ಲದ ಸಾರು ಬಡಿಸಿಕೊಂಡು ಕೂತರು. ಮಾವ ಎದ್ದು ಹೋಗಿ, ನನಗೆಂದು ತೆಗೆದಿಟ್ಟಿದ್ದ ಉಪ್ಪಿನ ಡಬ್ಬಿಗೆ ಕೈ ಹಾಕಿದರು. "ಮಾವಾ!" ಎಂದು ನಾನು ಅರ್ಧ ಎದ್ದೇಬಿಟ್ಟೆ. ಅವರು ನನ್ನ ಕಡೆ ನೋಡಲೂ ಇಲ್ಲ. ಒಂದು ಚಿಟಿಕೆ ತೆಗೆದು ಅತ್ತೆಯ ಬಟ್ಟಲಿಗೆ ಉದುರಿಸಿದರು.

"ನಿನ್ನ ಕಿಡ್ನಿಗೆ ಎಂತ ಆಗಿದೆ? ಎರಡು ವರ್ಷದಿಂದ ನನ್ನ ಊಟ ಉಣ್ತಾ ಇದ್ದೀಯಲ್ಲ, ಸಾಕು. ನಾನಿನ್ನು ಕದಿಯುವುದಿಲ್ಲ. ಸರಿ ಉಂಟಾ ನೋಡು."

ಅತ್ತೆ ಒಂದಿಷ್ಟು ಸಾರನ್ನು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟರು. ಕಣ್ಣು ತುಂಬಿ ಬಂತು. "ಹ್ಞಾಂ," ಎಂದರು.

ಮಾವನ ಬೆರಳ ತುದಿಯಲ್ಲಿ ನಾಲ್ಕಾರು ಹರಳು ಇನ್ನೂ ಅಂಟಿಕೊಂಡಿದ್ದವು. ಅವನ್ನೊಮ್ಮೆ ನೋಡಿ, ಅವರು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡರು.