ನಿಂತರೆ ಮೌನ, ಹೊರಟರೆ ಚಿಣ್ ಚಿಣ್

ಯಂತ್ರ ಯಾವುದೇ ಇರಲಿ, ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲ ಕಿವಿ ನನ್ನದು! ಅಂಬಿಕಾನಗರದ ಪವರ್‌ಹೌಸಿನಲ್ಲಿ ವರ್ಷಗಟ್ಟಲೆ ಟರ್ಬೈನುಗಳ ಗೊರಕೆ ಕೇಳಿ ಪಳಗಿದ ಕಿವಿ. ಅಂಥವನ ಮೋಟರ್ ಸೈಕಲ್ಲೇ 'ಚಿಣ್ ಚಿಣ್' ಎನ್ನತೊಡಗಿದರೆ ಅದನ್ನು ಮೆಕ್ಯಾನಿಕ್ ಹತ್ತಿರ ಒಯ್ಯುವುದೇ? ಮಾನ ಇದ್ದವರು ಮಾಡುವ ಕೆಲಸವೇ ಅದು? ನಾನೇ ಪತ್ತೆ ಹಚ್ಚುತ್ತೇನೆಂದು ಭಾನುವಾರ ಬೆಳಿಗ್ಗೆ ಚಹಾದ ಕಪ್ಪು ಕೆಳಗಿಟ್ಟು ಘೋಷಿಸಿದೆ.

ಘೋಷಣೆ ಕೇಳಿದವಳು ಹೆಂಡತಿ ತರನ್ನುಮ. ಹೆಸರಿನ ಅರ್ಥ ಇಂಪಾದ ರಾಗ. ನಮ್ಮ ಮನೆಮಾತು ಉರ್ದು. ಆದರೆ ನನ್ನ ಮೇಲೆ ಸಿಟ್ಟು ಬಂದರೆ ಆಕೆ ಕನ್ನಡಕ್ಕೆ ಇಳಿಯುತ್ತಾಳೆ. ಪಕ್ಕದ ಕ್ವಾರ್ಟರ್ಸಿನ ಕಾಶೆವ್ವನಿಗೆ ಅರ್ಥವಾಗದಿದ್ದರೆ ಜಗಳಕ್ಕೆ ಸಾಕ್ಷಿ ಯಾರು? ಅಂದು ಅಪ್ಪಟ ಕನ್ನಡದಲ್ಲೇ ರಾಗ ಎಳೆದಳು.

"ಮುಂದಿನ ವಾರ ಹಳಿಯಾಳದಾಗ ಅಕ್ಕನ ಮಗಳ ಮದುವಿ ಐತಿ. ಅಷ್ಟರಾಗ ಆ ಸದ್ದು ಹೋಗಬೇಕು. ಇಲ್ಲಾಂದ್ರ ಗಾಡಿ ಗುಜರಿಗೆ ಹೋಗಬೇಕು."

ಗುಜರಿಗೆ? ಇವಳನ್ನು ನೋಡಲು ಹಳಿಯಾಳಕ್ಕೆ ಹೋದದ್ದೇ ಆ ಗಾಡಿಯ ಮೇಲೆ! ಹಾಗೆ ನೋಡಿದರೆ ಆಕೆಯ ಸಿಟ್ಟಿಗೂ ಕಾರಣವಿತ್ತೆನ್ನಿ. ಹೋದ ತಿಂಗಳು ನಾವು ಅದೇ ಅಕ್ಕ ಮುಮ್ತಾಜಳ ಮನೆಗೆ ಹೋದಾಗ, ಓಣಿಯ ತಿರುವಿನಲ್ಲಿ ಸದ್ದು ಕೇಳಿದ್ದೇ ತಡ, ಕುಲ್ಫಿ ಗಾಡಿ ಬಂತೆಂದು ಮಕ್ಕಳೆಲ್ಲ ಬಟ್ಟಲು ಹಿಡಿದುಕೊಂಡು ಓಡಿಬಂದಿದ್ದರು. ಕುಲ್ಫಿಯ ಬದಲು ನನ್ನ ಮುಖ ನೋಡಿ ಒಂದು ಮಗು ಅತ್ತೇಬಿಟ್ಟಿತು.

ಸರಿ, ತಪಾಸಣೆ ಶುರುವಾಯಿತು. ನನ್ನ ಪಾನಾಗಳು, ಅಂದರೆ ಸ್ಪ್ಯಾನರುಗಳು, ಗಾಡಿಯ ಪಕ್ಕಕ್ಕೆ ಜೋಡಿಸಿದ ಡಬ್ಬಿಯಲ್ಲಿದ್ದವು. ಡಬ್ಬಿಯ ಕೀಲಿ ಎಲ್ಲಿತ್ತೋ ಆ ದೇವರಿಗೇ ಗೊತ್ತು. ಎದುರು ಮನೆಯ ಮಹಾಬಳೇಶ್ವರನ ಪಾನಾಗಳನ್ನು ಕಡ ತಂದೆ. ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದರೆ ಚಿಣ್ ಇಲ್ಲ, ಗಿಣ್ ಇಲ್ಲ. ಡಾಕ್ಟರ ಮುಂದೆ ಕೂತೊಡನೆ ಕೆಮ್ಮು ನಿಲ್ಲಿಸುವ ರೋಗಿಯ ಹಾಗೆ ನಾಟಕ! ಬಿಟ್ಟೇನೆಯೇ? ಅಡುಗೆಮನೆಯಿಂದ ಉದ್ದ ಹಿಡಿಕೆಯ ಸ್ಟೀಲ್ ಸೌಟು ತಂದು, ಅದರ ತುದಿ ಎಂಜಿನ್ನಿಗೆ ಒತ್ತಿ, ಬಟ್ಟಲನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಧ್ಯಾನಸ್ಥನಾದೆ. ಎಂಜಿನ್ ಬಿಸಿಯಾದರೆ ಸೌಟೂ ಬಿಸಿಯಾಗುತ್ತದೆಂಬ ವಿಜ್ಞಾನ ಕಿವಿ ಚುರುಗುಟ್ಟಿದ ಮೇಲೆ ನೆನಪಾಯಿತು. ನಾನು ಕೂಗಿದ ಕೂಗಿಗೆ ಕಾಶೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಕಂಪೌಂಡಿಗೆ ಬಂದಳು. ಅಂದಿನಿಂದ ಮನೆಯಲ್ಲಿ ಆ ಸೌಟಿನ ಸಾರು ಯಾರೂ ಉಣ್ಣುತ್ತಿಲ್ಲ.

ಎಂಜಿನ್ನಿನ ಟ್ಯಾಪೆಟ್ ಬಿಗಿ ಮಾಡಿದೆ. ಸೈಲೆನ್ಸರ್ ಬಿಚ್ಚಿ ಕೂಡಿಸಿದೆ. ಕೂಡಿಸಿದ ಮೇಲೂ ಒಂದು ಬೋಲ್ಟು ಕೈಯಲ್ಲಿ ಉಳಿಯಿತು. ಅದನ್ನು ಯಾರಿಗೂ ಕಾಣದಂತೆ ಕಿಸೆಗೆ ಸೇರಿಸಿದೆ. ಕೊನೆಗೆ ತರನ್ನುಮಳನ್ನು ಹಿಂದೆ ಕೂರಿಸಿಕೊಂಡು ದಾಂಡೇಲಿ ದಾರಿಯ ಇಳಿಜಾರಿಗೆ ಬಿಟ್ಟೆ. ಗುಂಡಿ ಬಂದಾಗಲೆಲ್ಲ ಚಿಣ್! ರೋಡ್ ಹಂಪ್ ಬಂದರೆ ಚಿಣಿಚಿಣಿ! ಆಗ ಹೊಳೆಯಿತು ನೋಡಿ. ಗಾಡಿ ನಿಂತರೆ ಮೌನ, ಹೊರಟರೆ ಸದ್ದು. ಹಾಗಾದರೆ ಇನ್ನೇನಿರುತ್ತದೆ?

"ಸಿಕ್ತು," ಎಂದೆ. "ಚೈನಿನ ಸದ್ದದು."

ಬೆನ್ನ ಹಿಂದಿನಿಂದ ಆಕೆ ಮೆಲ್ಲಗೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಅದೂ ಉರ್ದುವಿನಲ್ಲಿ! ಸದ್ದಿನಿಂದಲೇ ಗೊತ್ತಾಯಿತು ಎಂದೆ. ಸಿಟ್ಟು ಬರಲಿಲ್ಲವೇ ಎಂದಳು. ಸಿಟ್ಟೇಕೆ, ಪಾಪ ಅದು ಹಳೆಯದಾಗಿದೆ, ಸವೆದಿದೆ, ಇವತ್ತೇ ದಾಂಡೇಲಿಗೆ ಹೋಗಿ ಹೊಸದು ತರುತ್ತೇನೆ, ನಿನ್ನ ಅಕ್ಕನ ಮನೆಯ ಮದುವೆಗೆ ಮಿರಿಮಿರಿ ಮಿಂಚಬೇಕು ಎಂದೆ.

ಆಹಾ, ಅಂದಿನ ಆ ಮಧ್ಯಾಹ್ನ! ಕೇಳದೆಯೇ ಬಿರಿಯಾನಿ ಬಂತು. ಸುಟ್ಟ ಕಿವಿಗೆ ತುಪ್ಪ ಬಂತು. ತರನ್ನುಮ ಹೆಸರಿಗೆ ತಕ್ಕಂತೆ ಗುನುಗುತ್ತ ಫೋನಿನಲ್ಲಿ ಅಕ್ಕನ ಜೊತೆ ಗುಸುಗುಸು ನಡೆಸಿದಳು. ನಮ್ಮ ಉರ್ದುವಿನಲ್ಲಿ ಚೈನ್ ಎಂದರೆ ನೆಮ್ಮದಿ. ಅಂದು ಮನೆ ತುಂಬ ಅದೇ ತುಂಬಿತ್ತು.

ದಾಂಡೇಲಿಯಿಂದ ಚೈನ್ ಕೊಂಡು, ನಾನೇ ಜೋಡಿಸುತ್ತೇನೆಂದು ಪೇಪರಿನಲ್ಲಿ ಸುತ್ತಿಸಿಕೊಂಡು ಸಂಜೆ ಮರಳಿದೆ. ನೋಡಿದರೆ ಮುಮ್ತಾಜ ಹಳಿಯಾಳದಿಂದ ಬಸ್ ಹಿಡಿದು ಬಂದು ಅಂಗಳದ ಕುರ್ಚಿಯಲ್ಲಿ ಕೂತಿದ್ದಾಳೆ. ಕಾಶೆವ್ವ ಕಂಪೌಂಡಿಗೆ ಆತುಕೊಂಡಿದ್ದಾಳೆ. ತರನ್ನುಮ ರೇಷ್ಮೆ ಸೀರೆ ಉಟ್ಟಿದ್ದಾಳೆ! ಒಂದು ಗಾಡಿ ರಿಪೇರಿಗೆ ಇಷ್ಟು ಮರ್ಯಾದೆಯೇ ಎಂದು ಉಬ್ಬಿಹೋಗಿ ಪೊಟ್ಟಣವನ್ನು ಆಕೆಯ ಕೈಗೇ ಕೊಟ್ಟೆ. ಆಕೆ ನಾಚುತ್ತ ಬಿಚ್ಚಿದಳು. ಎಣ್ಣೆ ಸುರಿಯುವ ಕಬ್ಬಿಣದ ಚೈನು ಜಾರಿ ರೇಷ್ಮೆ ಸೀರೆಯ ಮೇಲೆ ಬಿತ್ತು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಕಾಶೆವ್ವ. "ತೂಕೇನೋ ಭಾಳ ಐತಿ ಬಿಡ್ರಿ, ಸಾಹೇಬ್ರ. ಆದ್ರ ಕೊರಳಾಗ ಹೆಂಗ ಹಾಕ್ಕೊಳ್ಳೂದು?"

ತರನ್ನುಮ ನನ್ನತ್ತ ತಿರುಗಿದಳು. ಕನ್ನಡ ಬಂತು.

"ಹಂಗಾದ್ರ ನಿಮಗ ಗೊತ್ತಾಗಿದ್ದು ಯಾವ ಚೈನು?"

"ಗಾಡೀದು. ನೀ ಯಾವ್ದು ಅಂತ ತಿಳದಿದ್ದಿ?"

ಆಕೆ ಒಳಗೆ ಹೋಗಿ ಒಂದು ಸಣ್ಣ ಕೀಲಿ ತಂದು, ಗಾಡಿಯ ಪಾನಾ ಡಬ್ಬಿ ತೆರೆದಳು. ತುಕ್ಕು ಹಿಡಿದ ಪಾನಾಗಳ ನಡುವೆ ಒಂದು ಪುಟ್ಟ ಸ್ಟೀಲ್ ಡಬ್ಬಿ. ಅದರೊಳಗೆ ಆಕೆಯ ಮದುವೆಯ ಬಂಗಾರದ ಚೈನು! ಹಿಂದಿನ ಸಾಲಿನ ಕ್ವಾರ್ಟರ್ಸಿನಲ್ಲಿ ಕಳ್ಳತನವಾದ ಮರುದಿನವೇ ಅಲ್ಲಿ ಅಡಗಿಸಿದ್ದಳಂತೆ.

"ಕಳ್ಳ ಬಂದ್ರ ಕಪಾಟು ನೋಡ್ತಾನ, ಅಕ್ಕಿ ಡಬ್ಬಿ ನೋಡ್ತಾನ. ನಿಮ್ಮ ಪಾನಾ ಡಬ್ಬಿ ಯಾರೂ ತಗ್ಯಾಂಗಿಲ್ಲ," ಎಂದಳು. "ನೀವೂ ತಗ್ಯಾಂಗಿಲ್ಲ."

ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಚಿಣ್ ಚಿಣ್! ಅದೇ ಸದ್ದು, ಅದೇ ಕುಲ್ಫಿ! ನಾನು ಕುಣಿದಾಡಿಬಿಟ್ಟೆ. ಚೈನಿನ ಸದ್ದೆಂದು ಹೇಳಿದ್ದೆನೋ ಇಲ್ಲವೋ? ಗೆದ್ದೆನೋ ಇಲ್ಲವೋ? ಗಾಡಿಯನ್ನು ಗುಜರಿಗೆ ಹಾಕಿದ್ದರೆ ಬಂಗಾರವೂ ಅಲ್ಲಿಗೇ ಹೋಗುತ್ತಿತ್ತಲ್ಲ ಎಂದು ಮಾತಿನ ಏಟನ್ನೂ ಕೊಟ್ಟೆ.

ಮುಮ್ತಾಜ ಸೆರಗಿನಲ್ಲಿ ನಗು ಒರೆಸಿಕೊಂಡಳು. "ರೋಗ ಬರೊಬ್ಬರಿ ಹೇಳೀರಿ. ಔಷಧ ಅಷ್ಟ ಬ್ಯಾರೆ ತಂದೀರಿ."

ಸದ್ದು ಹೋಯಿತು, ಮಾತಿನಂತೆ ಗಾಡಿ ಉಳಿಯಿತು. ನನ್ನ ಪ್ರೀತಿಯ ಗಾಡಿ! ಅದರ ಸೀಟು ಸವರುತ್ತ, ಇನ್ನಾದರೂ ಉರ್ದುವಿನಲ್ಲಿ ಮಾತಾಡು ಮಾರಾಯ್ತಿ ಎಂದು ಬೇಡಿಕೊಂಡೆ. ಎಣ್ಣೆಯಾದ ಸೀರೆ ಕೊಡವಿಕೊಂಡು ಆಕೆ ಕಾಶೆವ್ವನಿಗೆ ಸ್ಪಷ್ಟವಾಗಿ ಕೇಳುವಂತೆ ಕನ್ನಡದಲ್ಲೇ ಹೇಳಿದಳು:

"ಗಾಡಿಗೆ ಹೊಸಾ ಚೈನ ಬಂತು. ನನ್ನ ಕೊರಳಿಗೆ ಬರೂತನಕ ನಿಮಗ ಚೈನ ಇಲ್ಲ."