ಇಪ್ಪತ್ತೇಳು ಬಾಲಗಳು

ಅಚ್ಚುಕಟ್ಟುತನ ದೊಡ್ಡ ಗುಣ ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವರು ಯಾರೋ ನೆನಪಿಲ್ಲ. ನೆನಪಿದ್ದಿದ್ದರೆ ಅವರಿಗೊಂದು ಕಾಗದ ಬರೆಯುತ್ತಿದ್ದೆ. ಕೇಳದವರ ಸಾಮಾನನ್ನು ಒಪ್ಪವಾಗಿ ಜೋಡಿಸಿಡುವವಳು ಮನೆಗೆ ಹೊಕ್ಕ ಇಲಿಗಿಂತ ಅಪಾಯಕಾರಿ ಎಂಬುದನ್ನೂ ಅವರು ಜೊತೆಯಲ್ಲೇ ಹೇಳಿಕೊಡಬೇಕಿತ್ತು. ಇಲಿ ಕಡಿದದ್ದು ಕಣ್ಣಿಗೆ ಕಾಣುತ್ತದೆ. ನನ್ನಂಥವಳು ಹಾಳು ಮಾಡಿದ್ದು ನೋಡುವುದಕ್ಕೆ ಮೊದಲಿಗಿಂತ ಚೆನ್ನಾಗಿಯೇ ಇರುತ್ತದೆ.

ದಿನಚರಿ ಬರೆಯುವ ಚಟ ನನಗೆ ಹೈಸ್ಕೂಲಿನಿಂದಲೂ ಇದೆ. ಅದರಲ್ಲಿ ಭಾವನೆಗಳಿಗೆ ಜಾಗವಿಲ್ಲ. ತಾರೀಖು, ಗಂಟೆ, ಎಣಿಕೆ, ಅಷ್ಟೇ. 2009ರ ಫೆಬ್ರವರಿಯ ಪುಟಗಳನ್ನು ತೆರೆದರೆ ಹೀಗಿದೆ: 'ಕುಕ್ಕರ್ ಮೂರು ಸಲ ಕೂಗಿತು. ಅರ್ಜಿ ಎರಡು. ಉತ್ತರ ಸೊನ್ನೆ.' ಅಮೆರಿಕದ ಪಿಸ್ಕಾಟವೇ ಎಂಬ ಊರಿನಲ್ಲಿ ಸಂಖ್ಯಾಶಾಸ್ತ್ರದ ಮಾಸ್ಟರ್ಸ್ ಮುಗಿಸುತ್ತಿದ್ದೆ. ಹಿಂದಿನ ವರ್ಷದವರೆಗೂ ಮ್ಯಾನ್‌ಹಟನ್‌ನ ಬ್ಯಾಂಕುಗಳು ಕ್ಯಾಂಪಸ್ಸಿಗೆ ಬಂದು ಕೆಲಸವನ್ನೂ ಕೊಡುತ್ತಿದ್ದವು, ತಮ್ಮ ಹೆಸರಿದ್ದ ಪೆನ್ನನ್ನೂ ಕೊಡುತ್ತಿದ್ದವು. ಆ ಸಲ ಬರೀ ಪೆನ್ನು ಕೊಟ್ಟವು. ಆಮೇಲೆ ಪೆನ್ನೂ ನಿಂತಿತು. ಹೀಗಾಗಿ ನನ್ನ ಬದುಕಿನಲ್ಲಿ ಜೋಡಿಸಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮುಂದಿನ ಅನಾಹುತಕ್ಕೆ ಮೂಲ ಇದೇ ಎಂದು ಈಗ ಅನ್ನಿಸುತ್ತದೆ.

ನಾನು ಬಾಡಿಗೆಗಿದ್ದದ್ದು ಮೈಸೂರಿನಿಂದ ಬಂದು ಅಲ್ಲೇ ನೆಲೆಸಿದ್ದ ಸಲೀಂ ಅಂಕಲ್ ಮತ್ತು ಫರೀದಾ ಆಂಟಿಯ ಮನೆಯ ಮಹಡಿಯಲ್ಲಿ. ಅಂಕಲ್ ಹದಿನಾರು ವರ್ಷ ಒಂದು ಟೆಲಿಕಾಂ ಆಫೀಸಿನಲ್ಲಿದ್ದವರು. ಹಿಂದಿನ ಅಕ್ಟೋಬರಿನಲ್ಲಿ ಅವರ ಮೇಜನ್ನು ಖಾಲಿ ಮಾಡಿಸಿದ್ದರು. ಒಂದು ರಟ್ಟಿನ ಪೆಟ್ಟಿಗೆ ಮತ್ತು ಒಂದು ಮನಿಪ್ಲಾಂಟ್ ಹಿಡಿದು ಮನೆಗೆ ಬಂದ ಅವರು ಎರಡು ವಾರ ಆ ಗಿಡಕ್ಕೆ ನೀರು ಹಾಕುತ್ತ ಕೂತರು. ಮೂರನೆಯ ವಾರ ಗನ್ ಹಿಡಿದು ಹೊರಟರು. ಗನ್ ಎಂದರೆ ಗಾಬರಿಯಾಗಬೇಡಿ. ಸ್ನಾನದ ತೊಟ್ಟಿಗೂ ಗೋಡೆಗೂ ನಡುವಿನ ಸಂದಿಗೆ, ಕಿಟಕಿಯ ಅಂಚಿಗೆ ಸಿಲಿಕೋನ್ ಅಂಟನ್ನು ಒತ್ತಿ ತುಂಬುವ ಸಾಧನ ಅದು. ಲಟ್ಟಣಿಗೆಯಷ್ಟು ಉದ್ದದ, ಮುಂದೆ ಚೂಪು ಮೂತಿಯ ಟ್ಯೂಬನ್ನು ಅದರಲ್ಲಿ ಕೂರಿಸಿ ಕುದುರೆ ಎಳೆದರೆ ಮೂತಿಯಿಂದ ಅಂಟು ಬರುತ್ತದೆ. "ಜನ ಹೊಸ ಮನೆ ತಗೊಳ್ತಿಲ್ಲಮ್ಮಾ, ಹಳೇದ್ರ ಸಂದಿ ಮುಚ್ಕೊಂಡು ಇರ್ತಾರೆ" ಎನ್ನುತ್ತಿದ್ದರು. ಅವರ ಅರ್ಥಶಾಸ್ತ್ರ ನಮ್ಮ ಪ್ರೊಫೆಸರುಗಳದ್ದಕ್ಕಿಂತ ಸರಿಯಾಗಿತ್ತು.

ಆ ಟ್ಯೂಬುಗಳನ್ನು ಅವರು ಸಾಕುತ್ತಿದ್ದರು ಎಂದೇ ಹೇಳಬೇಕು. ಕೆಲವು ಜಾತಿಯವು ಹೆಪ್ಪುಗಟ್ಟಿದರೆ ಕೆಡುತ್ತವೆಂದು ಒಂದನ್ನೂ ರಾತ್ರಿ ಕಾರಿನಲ್ಲಿ ಬಿಡುತ್ತಿರಲಿಲ್ಲ. ಭಾನುವಾರದ ಕ್ರಿಕೆಟ್ ಟೀಮಿನ ಹಳೆಯ ಕಿಟ್ ಬ್ಯಾಗಿನಲ್ಲಿ, ಬ್ಯಾಟುಗಳಿದ್ದ ಜಾಗದಲ್ಲಿ, ಮೂತಿ ಮೇಲಾಗಿ ನಿಲ್ಲಿಸಿ, ಸುತ್ತ ಪ್ಯಾಡ್ ಕಟ್ಟಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಿದ್ದರು. ನಾನು ಜೊತೆಗೆ ಹೊರಟರೆ ನನಗೆ ಹಿಂದಿನ ಸೀಟು. "ಅವಕ್ಕೆ ಚಳಿ ಆಗುತ್ತೆ, ನೀನು ಸ್ವೆಟರ್ ಹಾಕಿದ್ದೀಯಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಮನೆಯಲ್ಲಿ ಅವುಗಳ ವಾಸ ಬೇಸ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಮಷೀನಿನ ಪಕ್ಕದ ಬೆಚ್ಚಗಿನ ಹಲಗೆಯ ಮೇಲೆ. ಅದಕ್ಕೂ ಮೊದಲು ಅಡುಗೆಮನೆಯಲ್ಲಿದ್ದವಂತೆ. ಸಿಲಿಕೋನಿಗೆ ಹುಳಿಹುಳಿ ವಿನಿಗರ್ ವಾಸನೆ. ಆಂಟಿ ಉಪ್ಪಿನಕಾಯಿ ಕೆಟ್ಟಿತೆಂದು ಒಂದು ಜಾಡಿ ಒಳ್ಳೆಯ ನಿಂಬೆಕಾಯನ್ನು ಚೆಲ್ಲಿದ ದಿನ ಟ್ಯೂಬುಗಳಿಗೆ ಗಡೀಪಾರಾಯಿತು.

ಫೆಬ್ರವರಿ 7, ಶನಿವಾರ. ಅಂಕಲ್ ಆಂಟಿ ಹೋಬೋಕನ್‌ನಲ್ಲಿದ್ದ ನೆಂಟರ ಮನೆಗೆ ಹೋಗಿದ್ದರು. ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಇಳಿದವಳು ಟ್ಯೂಬುಗಳನ್ನು ನೋಡಿದೆ. ಅರ್ಧಂಬರ್ಧ ಬಳಸಿದ ಇಪ್ಪತ್ತೇಳು. ಪ್ರತಿಯೊಂದರ ಮೂತಿಯಿಂದಲೂ ಒಣಗಿದ ಅಂಟಿನ ಬಾಲವೊಂದು ಹೊರಬಂದು ಜೋತಾಡುತ್ತಿತ್ತು. ಒಂದು ಉದ್ದ, ಒಂದು ಮೋಟು, ಒಂದು ಸುರುಳಿ, ಇನ್ನೊಂದು ಗಂಟು. ಶೀತವಾದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗಿತ್ತು. ಒಂದು ಬಾಲವನ್ನು ಹಿಡಿದು ಮೆಲ್ಲಗೆ ಎಳೆದೆ. ಹಲಸಿನ ತೊಳೆಯಿಂದ ಬೀಜ ಜಾರಿ ಬರುವ ಹಾಗೆ, ಮೂತಿಯೊಳಗಿನ ಗಟ್ಟಿ ಬಿರಡೆಯ ಸಮೇತ ನುಣುಪಾಗಿ ಕೈಗೆ ಬಂತು. ಆ ಸುಖವನ್ನು ನಾನು ಬಣ್ಣಿಸಲಾರೆ. ತಿಂಗಳುಗಟ್ಟಲೆ ಯಾವ ಕೆಲಸವೂ ನನ್ನ ಕೈಯಲ್ಲಿ ಹಾಗೆ ಪೂರ್ತಿಯಾಗಿ ಮುಗಿದಿರಲಿಲ್ಲ. ಇಪ್ಪತ್ತೇಳನ್ನೂ ಎಳೆದೆ. ಮೂತಿಗಳನ್ನು ಹತ್ತಿಯಿಂದ ಒರೆಸಿ, ಕಾಗದದ ಪುಟ್ಟ ಟೋಪಿ ಹಾಕಿ, ಬಣ್ಣದ ಪ್ರಕಾರ ಜೋಡಿಸಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆ: ಬಣ್ಣ, ಶುಚಿ ಮಾಡಿದ ತಾರೀಖು, ಮಾಡಿದವರ ಹೆಸರು. ದಿನಚರಿಯಲ್ಲಿ ಬರೆದೆ: 'ಟ್ಯೂಬು 27. ಸಮಯ ಒಂದು ಗಂಟೆ ಹದಿನೈದು ನಿಮಿಷ. ಕೆಲಸ: ತೃಪ್ತಿಕರ.'

ಆ ಚಳಿಯಲ್ಲಿ ಮುಂದಿನ ಎರಡು ವಾರ ಅಂಕಲ್‌ಗೆ ಯಾರಿಂದಲೂ ಕರೆ ಬರಲಿಲ್ಲ. ಅವರು ಬೇಸ್‌ಮೆಂಟಿಗೆ ಇಳಿಯಲೂ ಇಲ್ಲ. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಕುಂದಾಪುರ ಕಡೆಯ ಶೆಟ್ಟರೊಬ್ಬರು ಹೆದ್ದಾರಿ ಪಕ್ಕದ ತಮ್ಮ ಮೋಟೆಲಿನ ಹದಿನೆಂಟು ಬಾತ್‌ರೂಮುಗಳ ಕೆಲಸ ಕೊಟ್ಟರು. ಇದು ಚೆನ್ನಾಗಿ ಆದರೆ ಬೇಸಿಗೆಯಲ್ಲಿ ಅವರ ಇನ್ನೊಂದು, ಇದಕ್ಕಿಂತ ದೊಡ್ಡ ಮೋಟೆಲಿನದ್ದೂ ಅಂಕಲ್‌ಗೇ. ಆ ಸಂಜೆ ಅಂಕಲ್ ಅಕ್ಟೋಬರಿನ ನಂತರ ಮೊದಲ ಸಲ ಜೋರಾಗಿ ನಕ್ಕರು. ಬ್ಯಾಗನ್ನು ನಾನೇ ತುಂಬಿಟ್ಟೆ.

ಫೆಬ್ರವರಿ 26, ಗುರುವಾರ, ಬೆಳಿಗ್ಗೆ. ಮೊದಲ ರೂಮಿನ ತೊಟ್ಟಿಯ ಪಕ್ಕ ಮಂಡಿಯೂರಿ ಅಂಕಲ್ ಒಂದು ಟ್ಯೂಬು ತೆಗೆದರು. ಟೋಪಿ ಕಳಚಿ ಮೂತಿ ನೋಡಿದರು. ಚೀಟಿ ನೋಡಿದರು. ಮತ್ತೆ ಮೂತಿ ನೋಡಿದರು. ಲೆಕ್ಕ ಬರೆದುಕೊಳ್ಳಲು ಜೊತೆಗೆ ಬಂದು ಪುಸ್ತಕ ಪೆನ್ನು ಹಿಡಿದು ನಿಂತಿದ್ದ ನಾನು, ಪಾಪ, ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ. ಅವರು ಕುದುರೆ ಎಳೆದರು. ಮೂತಿಯಿಂದ ಏನೂ ಬರಲಿಲ್ಲ. ಇನ್ನೂ ಬಲವಾಗಿ ಎಳೆದರು. ಟ್ಯೂಬಿನ ಹಿಂಬದಿಯಿಂದ ಅಂಟು ಉಕ್ಕಿ ಅವರ ತೋಳಿನ ಮೇಲೆ ಹರಿದು ಶೆಟ್ಟರ ಹೊಸ ಕಾರ್ಪೆಟ್ಟಿಗೆ ಇಳಿಯಿತು. ಎರಡನೆಯದೂ ಹಾಗೇ. ಐದು, ಆರು, ಏಳು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಆ ಬಾಲಗಳೇ ಬಿರಡೆಗಳು. ಬಿರಡೆ ಕಿತ್ತು, ಬಟ್ಟೆ ಒಗೆಯುವ ಮಷೀನಿನ ಹಬೆಗೆ ಹತ್ತೊಂಬತ್ತು ದಿನ ಮೂತಿಯೊಡ್ಡಿ ಇಟ್ಟರೆ ಮೂತಿಯ ಉದ್ದಕ್ಕೂ ಕಲ್ಲಾಗುತ್ತದೆ. ಕಾಗದದ ಟೋಪಿ ಅದನ್ನು ತಡೆಯುವುದಿಲ್ಲ.

ಶೆಟ್ಟರು ಬಾಗಿಲಲ್ಲಿ ಬಂದು ನಿಂತರು. "ಸಲೀಂ ಭಾಯ್, ನಾಳೆ ಸಂಜೆ ಮದುವೆಯವರ ಬಸ್ಸು ಬರ್ತದೆ. ಇದು ಒಣಗ್ಲಿಕ್ಕೆ ಒಂದು ದಿನ ಬೇಕು ಅಂತ ನೀವೇ ಹೇಳಿದ್ದು. ಅವ್ರು ಸ್ನಾನ ಎಲ್ಲಿ ಮಾಡೂದು ಮಾರಾಯ್ರೇ?"

ಅಂಕಲ್ ತೋಳು ಒರೆಸಿಕೊಳ್ಳುತ್ತ ಒಂದು ಸಲ ನನ್ನ ಕಡೆ ನೋಡಿದರು. ನಾನು ಪುಸ್ತಕ ನೋಡಿದೆ.

"ಚಳಿಗೆ ಕೆಟ್ಟಿದೆ ಸರ್. ಕಾರಲ್ಲೇ ಬಿಟ್ಬಿಟ್ಟಿದ್ದೆ. ತಪ್ಪು ನಂದೇ."

ಟ್ಯೂಬಿಗೆ ಸೀಟ್ ಬೆಲ್ಟ್ ಹಾಕುವ ಮನುಷ್ಯ ಹೇಳಿದ ಮಾತು ಇದು. ಹಾರ್ಡ್‌ವೇರ್ ಅಂಗಡಿಗೆ ಓಡಿದೆವು. ಬಿಳಿ ಸಿಕ್ಕಿತು, ಎಂಟು ರೂಮಿನ ಕೆನೆಬಣ್ಣದ ತೊಟ್ಟಿಗಳಿಗೆ ಹೊಂದುವುದು ಸಿಗಲಿಲ್ಲ. ಹತ್ತು ರೂಮು ಮುಗಿಯಿತು. ಉಳಿದ ಎಂಟಕ್ಕೆ ಶೆಟ್ಟರು ಬೇರೆಯವರನ್ನು ಕರೆಸಿದರು. ಬೇಸಿಗೆಯ ಮೋಟೆಲೂ ಅವರಿಗೇ ಹೋಯಿತು.

ನಾನು ಹೇಳಬೇಕಿತ್ತು. ಅಂದೇ, ಆ ಬಾಗಿಲಲ್ಲೇ. ಹೇಳಲಿಲ್ಲ. ಬದಲಿಗೆ, ಹೇಳದೆ ಕಳೆದ ದಿನಗಳನ್ನು ಎಣಿಸಿದೆ. ದಿನಚರಿಯ ಮೂಲೆಯಲ್ಲಿ ದಿನಕ್ಕೊಂದು ಗೀಟು. ಹದಿನೇಳನೆಯ ಗೀಟಿನ ದಿನ, ಮಾರ್ಚ್ 15ರ ಭಾನುವಾರ, ಮಧ್ಯಾಹ್ನದ ಊಟಕ್ಕೆ ಕರೆದಾಗ ಎಲ್ಲವನ್ನೂ ತಾರೀಖು, ಸಮಯ, ಸಂಖ್ಯೆಗಳ ಸಮೇತ ಒಪ್ಪಿಸಿದೆ. ಅಂಕಲ್ ಎದ್ದು ಕಿಟ್ ಬ್ಯಾಗಿನಿಂದ ಒಂದು ಟ್ಯೂಬು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು.

"ಓದು."

ಓದಿದೆ. ಕೆನೆಬಣ್ಣ. ಶುಚಿ ಮಾಡಿದ್ದು: ಫೆಬ್ರವರಿ 7. ವಿನುತಾ.

"ನೀನೇ ಸೈನ್ ಮಾಡಿದ್ದೀಯಲ್ಲಮ್ಮಾ. ಇಪ್ಪತ್ತೇಳು ಕಡೆ."

ಫರೀದಾ ಆಂಟಿ ನನ್ನ ತಟ್ಟೆಗೆ ಇನ್ನೊಂದು ಸೌಟು ಬಿರಿಯಾನಿ ಹಾಕುತ್ತ, ದಿನಾ ನಾನು ಮೆಟ್ಟಿಲಿಳಿದು ಬರುವ ಸದ್ದಾದಾಗಲೆಲ್ಲ "ಇವತ್ತು ಹೇಳ್ತಾಳೆ ನೋಡು" ಎಂದು ಅಂಕಲ್ ಹೇಳುತ್ತಿದ್ದರೆಂದೂ, 'ಹೇಳಲ್ಲ' ಎಂದು ಪಂತ ಕಟ್ಟಿ ದಿನಾ ತಾನೇ ಗೆಲ್ಲುತ್ತಿದ್ದೆನೆಂದೂ ತಿಳಿಸಿದರು. ತಪ್ಪನ್ನು ಚಳಿಯ ಮೇಲೆ ಯಾಕೆ ಹಾಕಿದಿರಿ ಎಂದು ಕೇಳಿದೆ. "ನಿನ್ನ ಹೆಸ್ರು ಹೇಳಿದ್ರೆ ಶೆಟ್ರ ಕೆಲಸ ವಾಪಸ್ ಬರ್ತಿತ್ತಾ?" ಎಂದರು ಅಂಕಲ್. ಆಮೇಲೆ, ಕೋಪವೇನೂ ಇಲ್ಲದೆ, ತಾವು ಬೇಕೆಂದೇ ಬಿಡುತ್ತಿದ್ದ ಬಾಲಗಳ ಲೆಕ್ಕ ಹೇಳಿದರು. ಉದ್ದ ಬಾಲ ಎಂದರೆ ಒಳಗೆ ಅರ್ಧಕ್ಕಿಂತ ಹೆಚ್ಚಿದೆ. ಮೋಟು ಎಂದರೆ ಮುಗಿಯುತ್ತ ಬಂದಿದೆ. ಗಂಟು ಎಂದರೆ ಒಳಗೆ ಗಾಳಿಗುಳ್ಳೆ ಇದೆ, ಕಣ್ಣಿಗೆ ಬೀಳುವ ಕಡೆ ಬಳಸಬೇಡ. ಅದು ಅವರ ದಿನಚರಿ. ಅದರ ಪುಟಗಳನ್ನೆಲ್ಲ ಹರಿದು, ನಾನು ರಟ್ಟಿಗೆ ಚೆಂದದ ಚೀಟಿ ಅಂಟಿಸಿದ್ದೆ.

ಏಪ್ರಿಲಿನಲ್ಲಿ ಅಂಕಲ್ ಅದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಟ್ಯೂಬುಗಳನ್ನು ಸಾಲಾಗಿ ಜೋಡಿಸಿಡುವ ಕೆಲಸ. ಎಲ್ಲವೂ ಹೊಸವು, ಬಾಲವಿಲ್ಲದವು. ಬೇಸರವಾಗುತ್ತದಾ ಎಂದು ಕೇಳಿದ್ದಕ್ಕೆ, ನಿನ್ನನ್ನು ಇಟ್ಟುಕೊಂಡಿದ್ದರೆ ಅಂಗಡಿಯವರು ಉದ್ಧಾರವಾಗುತ್ತಿದ್ದರು ಎಂದು ನಕ್ಕರು. ಆ ನಗು ಶೆಟ್ಟರು ಕೆಲಸ ಕೊಟ್ಟ ಸಂಜೆಯ ನಗುವಿನಷ್ಟು ಜೋರಾಗಿರಲಿಲ್ಲ.

ಕೊನೆಗೆ ನನಗೂ ಒಂದು ಕೆಲಸ ಸಿಕ್ಕಿ ಹೋಬೋಕನ್‌ಗೆ ಬಂದಿದ್ದೇನೆ. ಹೊರಡುವ ದಿನ ಅಂಕಲ್ ಅರ್ಧಕ್ಕಿಂತ ಹೆಚ್ಚು ಉಳಿದಿದ್ದ ಬಿಳಿ ಸಿಲಿಕೋನಿನ ಟ್ಯೂಬೊಂದನ್ನು ಕೊಟ್ಟರು, ಕಿಟಕಿಯಿಂದ ಗಾಳಿ ನುಗ್ಗಿದರೆ ಇರಲಿ ಎಂದು. ಸಿಂಕಿನ ಕೆಳಗೆ ನಿಲ್ಲಿಸಿದ್ದೇನೆ. ಅದರ ಉದ್ದನೆಯ ಬಾಲ ಬಾಗಿಲು ತೆರೆದಾಗಲೆಲ್ಲ ನನ್ನನ್ನು ನೋಡಿ ಅಲ್ಲಾಡುತ್ತದೆ. ಬೆರಳು ತುರಿಸುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಮುಟ್ಟಿಲ್ಲ. ಅದಕ್ಕೆ ಚೀಟಿ ಅಂಟಿಸಿಲ್ಲ, ಟೋಪಿ ಹಾಕಿಲ್ಲ. ಇನ್ನು ಮೇಲೆ ಇಂಥದ್ದನ್ನೆಲ್ಲ ಎಣಿಸಿ ಬರೆದಿಡುವುದಿಲ್ಲ ಎಂದೂ ನಿಶ್ಚಯಿಸಿದ್ದೇನೆ. ಆ ನಿಶ್ಚಯ ಮಾಡಿ ಇವತ್ತಿಗೆ ನಲವತ್ತೊಂದು ದಿನ. ನಲವತ್ತೊಂದೂ ದಿನ ದಿನಚರಿಯ ಕೊನೆಯ ಸಾಲು ಒಂದೇ: 'ಬಾಲ ಇದೆ.'