ಚಿಕ್ಕಪ್ಪನ ಗಾಡಿಯ ಹಿಂದಿನ ಸೀಟು

ಹೆಂಡತಿಯನ್ನು ದಾರಿಯಲ್ಲಿ ಬಿಟ್ಟು ಬಂದ ಗಂಡಂದಿರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು. ಆದರೆ ಬಿಟ್ಟು ಬಂದದ್ದೇ ಗೊತ್ತಾಗದೆ, ಖಾಲಿ ಸೀಟಿನ ಜೊತೆ ಎಂಟು ಕಿಲೋಮೀಟರ್ ಕಷ್ಟಸುಖ ಮಾತಾಡಿಕೊಂಡು ಮನೆ ತಲುಪಿದವರು ನಮ್ಮ ಚಿಕ್ಕಪ್ಪ ಒಬ್ಬರೇ ಇರಬೇಕು! ಈ ಮಾತನ್ನು ನಾನು ಅವರ ಎದುರಿಗೇ ಹೇಳುತ್ತೇನೆ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. "ಎಂಟಲ್ಲ ಕಣಮ್ಮ, ಒಂಬತ್ತು" ಎಂದು ತಿದ್ದುತ್ತಾರೆ.

ಆಗ ಅವರಿಗೆ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೊಸ ಹೆಂಡತಿಯನ್ನು ತಮ್ಮ ಪುಟ್ಟ ಮೋಟಾರ್ ಬೈಕಿನ ಹಿಂದೆ ಕೂರಿಸಿಕೊಂಡು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದರು. ವಾಪಸು ದೊಡ್ಡಬಳ್ಳಾಪುರಕ್ಕೆ ಬರುವಾಗ ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ಗಾಡಿ ನಿಧಾನವಾಯಿತು. ರಸ್ತೆ ಪಕ್ಕದಲ್ಲಿ ಒಬ್ಬಾಕೆ ಸೀಬೆಹಣ್ಣು ಇಟ್ಟುಕೊಂಡು ಕೂತಿದ್ದಳು. ಚಿಕ್ಕಮ್ಮ ಗಂಡನ ಬೆನ್ನಿಗೆ ಎರಡು ಸಲ ತಟ್ಟಿ, ನಿಲ್ಲಿಸುತ್ತಾರೆ ಎಂಬ ಭರವಸೆಯಿಂದ ಕೆಳಗಿಳಿದರು. ಚಿಕ್ಕಪ್ಪ ಗಾಡಿಯನ್ನು ಓಡಿಸಿಕೊಂಡು ಹೊರಟೇಬಿಟ್ಟರು!

ಅವರದೂ ತಪ್ಪಿಲ್ಲ ಅನ್ನಿ. ನಮ್ಮದು ಮಗ್ಗದವರ ಮನೆ. ಶೆಡ್ಡಿನೊಳಗೆ ಎಂಟು ಪವರ್ ಲೂಮು ಒಟ್ಟಿಗೆ ಬಡಿದುಕೊಳ್ಳುವಾಗ ದೇವರೇ ಬಂದು ಮಾತಾಡಿಸಿದರೂ ಕೇಳಿಸುವುದಿಲ್ಲ. ಅಲ್ಲಿ ತುಟಿ ನೋಡಿ ಮಾತು ತಿಳಿಯಬೇಕು, ಇಲ್ಲವೇ ಕೈಸನ್ನೆ ನೋಡಬೇಕು. ದಾರ ಕಿತ್ತುಹೋದರೆ ಮಗ್ಗ ನಿಲ್ಲಿಸುತ್ತಾರೆ. ಹಿಂದೆ ನಿಂತವರು ದಾರ ಕಟ್ಟಿ ಮುಗಿಸಿ ನೇಯುವವನ ಬೆನ್ನಿಗೆ ಎರಡು ಸಲ ತಟ್ಟಿದರೆ 'ಆಯ್ತು, ಮಗ್ಗ ಬಿಡು' ಎಂದು ಅರ್ಥ. ಚಿಕ್ಕಮ್ಮ ಇಲ್ಲೇ ಮಧುರೆ ಹೋಬಳಿಯ ಕಡೆಯ ಬೇಸಾಯಗಾರರ ಮಗಳು. ಅವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅವರು 'ನಿಲ್ಲಿಸಿ' ಎಂದು ತಟ್ಟಿದರು, ಇವರು 'ಬಿಡು' ಎಂದುಕೊಂಡು ಬಿಟ್ಟರು.

ಮನೆಯ ಬಾಗಿಲಲ್ಲಿ ನಮ್ಮಜ್ಜಿ ನಿಂತಿದ್ದರು. "ಸೊಸೆ ಎಲ್ಲೋ?" ಎಂದರು.

"ಇಲ್ಲೇ ಹಿಂದೆ ಕೂತವ್ಳಲ್ಲವ್ವಾ, ಕಾಣಲ್ವಾ?" ಎಂದರಂತೆ ಚಿಕ್ಕಪ್ಪ, ತಿರುಗಿಯೂ ನೋಡದೆ!

ಚಿಕ್ಕಮ್ಮ ಒಂದು ಗಂಟೆಯ ಮೇಲೆ ಹುಲ್ಲಿನ ಲಾರಿಯಲ್ಲಿ ಬಂದಿಳಿದರು. ಕೈಯಲ್ಲಿ ಅರ್ಧ ತಿಂದ ಸೀಬೆಹಣ್ಣು ಇತ್ತು. ಅಳಲಿಲ್ಲ, ಕೂಗಾಡಲಿಲ್ಲ. "ಈ ಗಾಡಿ ಮೇಲೆ ಇನ್ ಯಾವತ್ತೂ ನಾನು ಕೂತ್ಕೊಳಲ್ಲ" ಎಂದು ಹೇಳಿ ಒಳಗೆ ಹೋದರು. ಮೂವತ್ತು ವರ್ಷಗಳ ಮೇಲಾಯಿತು, ಕೂತಿಲ್ಲ. ತವರಿಗೆ ಹೋಗುವುದಾದರೆ ಬಸ್ಸು. ಮಗಳ ಹೆರಿಗೆಗೆ ಆಸ್ಪತ್ರೆಗೆ ಹೋದದ್ದು ಆಟೋದಲ್ಲಿ. ಗಾಡಿಯಲ್ಲಿ ಚಿಕ್ಕಪ್ಪ ಹಿಂದೆ, ಆಟೋದಲ್ಲಿ ಚಿಕ್ಕಮ್ಮ ಮುಂದೆ. ಕೊನೆಗೊಂದು ದಿನ ಗಾಡಿಗೇ ಬೇಸರವಾಗಿ ಅದು ಕೆಟ್ಟು ನಿಂತು ಶೆಡ್ಡಿನ ಮೂಲೆ ಸೇರಿತು.

ಎರಡು ವರ್ಷದ ಹಿಂದೆ ಮಂಡಿನೋವೆಂದು ಚಿಕ್ಕಪ್ಪ ಮಗ್ಗಗಳನ್ನೆಲ್ಲ ತಮ್ಮ ಸೋದರಳಿಯನಿಗೆ ಒಪ್ಪಿಸಿ ಮನೆಯಲ್ಲಿ ಕೂತರು. ಕೂತರು ಎಂದರೆ ತಪ್ಪಾಗುತ್ತದೆ. ಮೂರನೇ ದಿನಕ್ಕೆ ಮೇಲೆ ಮುಚ್ಚಿದ್ದ ಗೋಣಿಚೀಲ ಕಿತ್ತು ಗಾಡಿಯನ್ನು ಹೊರಗೆಳೆದರು. ನಾನು ಪಕ್ಕದ ಬೀದಿಯಲ್ಲೇ ಇರುವವಳು, ಶಾಲೆಯಲ್ಲಿ ಪಾಠ ಹೇಳಿ ಮುಗಿಸಿಕೊಂಡು ದಿನವೂ ಅವರ ಮನೆಯ ಮುಂದೆಯೇ ಬರಬೇಕು. "ಇದನ್ಯಾಕೆ ಚಿಕ್ಕಪ್ಪ? ಗುಜರಿಗೆ ಹಾಕಿ" ಎಂದೆ.

"ಇದನ್ನ ರೆಡಿ ಮಾಡಿ, ನಿಮ್ ಚಿಕ್ಕಮ್ಮನ್ನ ಹಿಂದೆ ಕೂರಿಸ್ಕೊಂಡು ಒಂದ್ಸಲ ಘಾಟಿಗೆ ಹೋಗ್ಬರ್ಬೇಕು ಕಣಮ್ಮ. ಅಷ್ಟೇ. ಇನ್ನೇನೂ ಆಸೆ ಇಲ್ಲ ನಂಗೆ" ಎಂದರು. ಮಗ್ಗದವರ ಗಂಟಲು ನೋಡಿ! ಇದನ್ನು ಅವರು ಗುಟ್ಟಾಗಿ ಹೇಳಿದರೂ ಇಡೀ ಬೀದಿಗೆ ಕೇಳಿಸಿತು. ಅಡುಗೆಮನೆಯಿಂದ ಉತ್ತರವೂ ಬಂತು: "ಕಂಡಿದೀನಿ ಹೋಗ್ರೀ!"

ಅಲ್ಲಿಂದ ಶುರುವಾಯಿತು ನೋಡಿ ಆ ಮನೆಯ ಪಾಡು.

ಅಂಗಳದಲ್ಲಿ ಧೂಳು ಎಂದು ಎಂಜಿನ್ನು ನಡುಮನೆಗೆ ಬಂತು. ಸಣ್ಣ ಸಣ್ಣ ನಟ್ಟು, ವಾಷರುಗಳು ಬೆರೆತುಹೋಗುತ್ತವೆ ಎಂದು ಚಿಕ್ಕಪ್ಪ ಅವುಗಳನ್ನು ವಿಂಗಡಿಸಿಡಲು ಗುಳಿಗಳಿರುವ ಒಂದು ಪಾತ್ರೆ ಹುಡುಕಿದರು. ಇಡ್ಲಿ ತಟ್ಟೆಗಿಂತ ಪ್ರಶಸ್ತವಾದದ್ದು ಲೋಕದಲ್ಲಿ ಉಂಟೇ? ಒಂದೊಂದು ಗುಳಿಗೆ ಒಂದೊಂದು ಅಳತೆಯ ವಾಷರು. ಆಮೇಲೆ ತೊಳೆದಿಟ್ಟರಂತೆ. ಹೇಗೆ ತೊಳೆದರೋ, ಭಾನುವಾರ ಬೀಗರು ಊಟಕ್ಕೆ ಬಂದಾಗ ಇಡ್ಲಿಯೊಳಗೆ ಒಂದು ವಾಷರು ಸಿಕ್ಕಿತು. ಬೀಗರು ಮರ್ಯಾದಸ್ಥರು. ಅದನ್ನು ತೆಗೆದು ಎಲೆಯ ತುದಿಯಲ್ಲಿ ಕರಿಬೇವಿನ ಪಕ್ಕ ಇಟ್ಟು ಊಟ ಮುಂದುವರಿಸಿದರು. ಚಿಕ್ಕಪ್ಪ ಬಗ್ಗಿ ನೋಡಿ, "ಅಯ್ಯೋ, ಇದನ್ನೇ ಅಲ್ವಾ ನಾನು ಗುರುವಾರದಿಂದ ಹುಡುಕ್ತಿದ್ದುದು!" ಎಂದು ಎತ್ತಿಕೊಂಡು ಹೋದರು. ಆ ಸಂಜೆಯೇ ಚಿಕ್ಕಮ್ಮ ಹೊಸ ಇಡ್ಲಿ ತಟ್ಟೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ತಟ್ಟೆ ಕೈತಪ್ಪಿದ ಮೇಲೆ ಚಿಕ್ಕಪ್ಪ ಮಗ್ಗದ ಬುದ್ಧಿಗೆ ಇಳಿದರು. ಹಾಸಿನ ಎಳೆಗಳು ಒಂದಾದ ಮೇಲೊಂದು ಅದೇ ಕ್ರಮದಲ್ಲಿ ಇರಬೇಕಲ್ಲವೇ, ಹಾಗೆ ಗಾಡಿಯಿಂದ ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಕ್ರಮದಲ್ಲೇ ಒಂದು ಉದ್ದನೆಯ ರೇಷ್ಮೆ ದಾರಕ್ಕೆ ಪೋಣಿಸಿ, ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ತೋರಣ ಕಟ್ಟಿದರು. ಜೋಡಿಸುವಾಗ ಕೊನೆಯಿಂದ ಒಂದೊಂದೇ ತೆಗೆಯುತ್ತಾ ಬಂದರಾಯಿತು. ಎಂಥ ತಲೆ! ಆದರೆ ಹಬ್ಬಕ್ಕೆ ಜೇಡರ ಬಲೆ ಹೊಡೆಯುವಾಗ ಚಿಕ್ಕಮ್ಮನ ಕೋಲು ದಾರಕ್ಕೆ ತಗುಲಿತು. ನಡುಮನೆಯಲ್ಲಿ ಕಬ್ಬಿಣದ ಆಲಿಕಲ್ಲು ಮಳೆ.

ಚಿಕ್ಕಪ್ಪ ಎದೆಗುಂದಲಿಲ್ಲ. ಮೂರು ತಿಂಗಳು ಕೂತು ಎಲ್ಲವನ್ನೂ ಜೋಡಿಸಿದರು. ಜೋಡಿಸಿದ ಮೇಲೆ ಹನ್ನೊಂದು ನಟ್ಟುಗಳು ಉಳಿದವು.

"ಇವೆಲ್ಲಿಗೆ ಚಿಕ್ಕಪ್ಪ?" ಎಂದೆ.

"ಆಗಿನ್ ಕಾಲದ ಜನ ಧಾರಾಳಿಗಳು ಕಣಮ್ಮ. ಬೇಕಾದ್ದಕ್ಕಿಂತ ಹೆಚ್ಚಿಗೇನೇ ಹಾಕಿರೋರು."

ಇನ್ನು ಬಣ್ಣದ ಕಥೆ. ಕರಿ ಬಣ್ಣವೋ ಕೆಂಪೋ ಹೊಡೆಸಿ ಮುಗಿಸಬಹುದಿತ್ತು. ಸೀರೆ ನೇಯ್ದ ಕೈಗೆ ಅಷ್ಟರಿಂದ ತೃಪ್ತಿಯಾಗುತ್ತದೆಯೇ? ಚಿಕ್ಕಮ್ಮನ ಧಾರೆ ಸೀರೆ ಚಿಕ್ಕಪ್ಪನೇ ಮಗ್ಗದ ಮೇಲೆ ಕೂತು ನೇಯ್ದದ್ದು. ಗಿಳಿಹಸಿರು ಮೈ, ಕುಂಕುಮದ ಬಣ್ಣದ ಅಂಚು, ಮೈತುಂಬ ಮಾವಿನಕಾಯಿ ಬುಟ್ಟಾ. ಅದನ್ನು ಪೆಟ್ಟಿಗೆಯಿಂದ ಮೆಲ್ಲಗೆ ತೆಗೆದುಕೊಂಡು ಬಸ್ ಸ್ಟ್ಯಾಂಡ್ ಹಿಂದಿನ ಪೇಂಟರ್ ಸಾಹೇಬರ ಹತ್ತಿರ ಹೋದರು. ಸಾಹೇಬರು ಲಾರಿಗಳ ಮೇಲೆ ನವಿಲು ಬರೆಯುವುದರಲ್ಲಿ ಹೆಸರಾದವರು. ಸೀರೆಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಒಂದರ ಪಕ್ಕ ಒಂದಿಟ್ಟು ಬಹಳ ಹೊತ್ತು ನೋಡಿದರಂತೆ.

"ಅಣ್ಣಾ, ಗಾಡೀಗ್ ಬಣ್ಣ ಹೊಡೀಬೇಕೋ, ಮದ್ವೆ ಮಾಡ್ಬೇಕೋ? ಸರ್ಯಾಗ್ ಹೇಳ್ಬಿಡಿ" ಎಂದರು.

"ಎರಡೂ ಮಾಡಿ ಭಾಯ್" ಎಂದರು ನಮ್ಮವರು.

ಟ್ಯಾಂಕು ಬಂದ ದಿನ ನಾನೂ ಇದ್ದೆ. ನಿಜ ಹೇಳುತ್ತೇನೆ, ನಗಲೆಂದೇ ಹೋದವಳು ಬೆರಗಾಗಿ ನಿಂತೆ. ಹಸಿರು ಮೈಯಲ್ಲಿ ಚಿನ್ನದ ಬಣ್ಣದ ಮಾವಿನಕಾಯಿಗಳು, ಕೆಳಗೆ ಬೆರಳಗಲದ ಕುಂಕುಮದ ಅಂಚು. ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಚಿಕ್ಕಪ್ಪ ಅವರ ಮುಖವನ್ನೇ ನೋಡುತ್ತಿದ್ದರು.

"ಅಂಚು ಬಂತು, ಬುಟ್ಟಾ ಬಂತು. ಸೆರಗೆಲ್ಲಿ?" ಎಂದು ಕೇಳಿ ಚಿಕ್ಕಮ್ಮ ಒಳಗೆ ಹೋದರು.

ಮಾರನೇ ದಿನವೇ ಹಿಂದಿನ ಮಡ್‌ಗಾರ್ಡು ಬಿಚ್ಚಿ ಸಾಹೇಬರ ಹತ್ತಿರ ಹೋಯಿತು. ಈಗ ಅದರ ಮೇಲೆ ತುಂಬು ಜರಿಯ ಸೆರಗಿದೆ. ದೊಡ್ಡಬಳ್ಳಾಪುರದಲ್ಲಿ ಸೀರೆ ಉಟ್ಟ ಮೋಟಾರ್ ಬೈಕು ಅದೊಂದೇ.

ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟದ್ದು ಹಿಂದಿನ ಸೀಟಿಗೆ. ಮುಂದಿನ ಸೀಟು ಎಂಬುದು ಬರೀ ಹೆಸರಿಗೆ, ಒಂದು ಹಲಗೆಯ ತುಂಡಿನಷ್ಟು. ಹಿಂದಿನದು ಮದುವೆ ಮಂಟಪದ ಕುರ್ಚಿ! ಬೂರುಗದ ಹತ್ತಿ, ಒರಗಲು ದಿಂಬು, ಹಿಡಿಯಲು ಎರಡೂ ಕಡೆ ಕಂಬಿ, ಕಾಲಿಡಲು ಅಗಲವಾದ ಮೆಟ್ಟಿಲು, ಸೀರೆ ಚಕ್ರಕ್ಕೆ ಸಿಗದಂತೆ ಜಾಲರಿ. ಹ್ಯಾಂಡಲ್ಲಿಗೆ ತಟ್ಟೆಯಗಲದ ಒಂದು ಕನ್ನಡಿ. ನಾನು ಕೂತು ನೋಡಿದೆ. ಕನ್ನಡಿಯಲ್ಲಿ ರಸ್ತೆ ಕಾಣುವುದಿಲ್ಲ, ಹಿಂದೆ ಕೂತವರ ಮುಖ ಮಾತ್ರ ಕಾಣುತ್ತದೆ.

"ಹಿಂದೆ ಲಾರಿ ಬಂದರೆ ಕಾಣಲ್ವಲ್ಲ ಚಿಕ್ಕಪ್ಪ?"

"ಲಾರಿ ಕಳೆದ್ಹೋದ್ರೆ ಅದರ ಓನರ್ ಹುಡುಕ್ಕೋತಾನೆ. ನನ್ ಹೆಂಡ್ತಿ ಕಳೆದ್ಹೋದ್ರೆ ನಾನೇ ತಾನೆ ಹುಡುಕ್ಬೇಕು?"

ಸೀಟು ಭದ್ರವಾಗಿದೆ ಎಂದು ತೋರಿಸಲು ಅದರ ಮೇಲೊಂದು ರಾಗಿ ಮೂಟೆ ಕೂರಿಸಿ, ಕಟ್ಟದೆ, ರೈಲ್ವೆ ಸ್ಟೇಷನ್ ತನಕ ಹೋಗಿ ಬಂದರು. ಬೀದಿಯವರೆಲ್ಲ ಹೊರಗೆ ನಿಂತು ನೋಡಿದರು. ಮೂಟೆ ಅಲುಗಲಿಲ್ಲ. "ನೋಡ್ದೇನೇ? ಹೋದಂಗೇ ವಾಪಸ್ ಬಂತು!" ಎಂದು ಚಿಕ್ಕಪ್ಪ ಬಾಗಿಲಲ್ಲೇ ಕೂಗಿದರು.

"ರಾಗಿ ಮೂಟೆಗೆ ಸೀಬೆಹಣ್ಣಿನ ಆಸೆ ಇರಲ್ಲ ಕಣ್ರೀ" ಎಂದರು ಚಿಕ್ಕಮ್ಮ. ಬೀದಿಗೆ ಬೀದಿಯೇ ನಕ್ಕಿತು. ಚಿಕ್ಕಪ್ಪನೂ ನಕ್ಕರು, ಆದರೆ ಆ ದಿನ ಅವರು ಮೂಟೆ ಇಳಿಸಿದ್ದು ಬಹಳ ನಿಧಾನವಾಗಿ. ನನಗೆ ಅಯ್ಯೋ ಪಾಪ ಎನಿಸಿತು. ಚಿಕ್ಕಮ್ಮನನ್ನು ಒಳಗೆ ಕರೆದು, "ಒಂದ್ಸಲ ಕೂತ್ಬಿಡು ಚಿಕ್ಕಮ್ಮ, ಏನ್ ಹೋಗುತ್ತೆ?" ಎಂದೆ. "ಹೇಳಿದ್ದು ಹೇಳಿದ್ದೇ" ಎಂದರು. ಅವರ ಹಟ ಗೊತ್ತಿದ್ದವರು ಎರಡನೇ ಸಲ ಕೇಳುವುದಿಲ್ಲ.

ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಚಿಕ್ಕಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಗಾಡಿಗೆ ಹೂವು ಮುಡಿಸಿ ನಿಂತಿದ್ದರು. "ಅವಳು ಬರಲ್ಲ ಅಂದ್ಲು. ಹೋಗ್ಲಿ ಬಿಡು. ಮಾಡಿದ ಗಾಡೀನ ಸ್ವಾಮಿಗಾದ್ರೂ ತೋರಿಸ್ಕೊಂಡು ಬರ್ತೀನಿ" ಎಂದರು. ಮಾತು ಸಲೀಸಾಗಿಯೇ ಬಂತು, ಕಣ್ಣು ಮಾತ್ರ ಅಡುಗೆಮನೆಯ ಬಾಗಿಲ ಕಡೆಗಿತ್ತು. ನಾನು ಫೋಟೋ ತೆಗೆಯಲು ಫೋನ್ ಹಿಡಿದು ನಿಂತೆ. ನಾಲ್ಕನೇ ಒದೆತಕ್ಕೆ ಗಾಡಿ ಹತ್ತಿಕೊಂಡಿತು. ಬೀದಿಯ ತುಂಬ ಹೊಗೆ, ಕೆಮ್ಮು, ಚಪ್ಪಾಳೆ!

ಗೇಟು ದಾಟಿ ರಸ್ತೆಗಿಳಿದರು. ಅಷ್ಟರಲ್ಲಿ ಹಿಂದಿನಿಂದ ನೀರಿನ ಟ್ಯಾಂಕರ್ ಬಂತು. ಹಾರ್ನ್ ಹೊಡೆಯಿತು. ಚಿಕ್ಕಪ್ಪ ಸರಿಯಲಿಲ್ಲ. ಮತ್ತೆ ಹೊಡೆಯಿತು, ಕಿವಿ ಹರಿದುಹೋಗುವ ಹಾಗೆ. ಇವರು ರಸ್ತೆಯ ನಟ್ಟನಡುವೆ ರಾಜನ ಹಾಗೆ ಗಾಡಿ ನಿಲ್ಲಿಸಿಕೊಂಡು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಡ್ರೈವರ್ ತಲೆ ಹೊರಗೆ ಹಾಕಿ, "ಏನ್ ಗುರೂ, ರೋಡು ನಿಮ್ದೇನಾ?" ಎಂದು ಕೂಗಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಮ್ಮ ಚಿಕ್ಕಪ್ಪನ ಗಮನವೇ ಹಾಗಲ್ಲವೇ, ಹಿಂದೆ ಏನಾದರೂ ಅವರಿಗೇನು ಗೊತ್ತಾಗುತ್ತದೆ!

ಪಕ್ಕದಲ್ಲಿ ಯಾರೋ ನನ್ನ ಕೈಹಿಡಿದರು. ಚಿಕ್ಕಮ್ಮ. ಕೈಯಲ್ಲಿ ಇನ್ನೂ ದೋಸೆ ಹಿಟ್ಟು ಅಂಟಿತ್ತು. ಮುಖ ಬಿಳಿಚಿಕೊಂಡಿತ್ತು.

"ನಗ್ಬೇಡ ಕಣೆ. ಅವರಿಗೆ ಕೇಳ್ಸಲ್ಲ."

"ಮಗ್ಗದವರಿಗೆ ಎಲ್ಲಾರ್ಗೂ ಸ್ವಲ್ಪ ಮಂದ ತಾನೆ ಚಿಕ್ಕಮ್ಮ..."

"ಸ್ವಲ್ಪ ಅಲ್ಲ. ಎರಡು ವರ್ಷದಿಂದ ಏನೂ ಕೇಳ್ಸಲ್ಲ. ಮಂಡಿನೋವು ಅಂತ ಮಗ್ಗ ಬಿಟ್ಟಿದ್ದಲ್ಲ ಅವರು. ನಿಮ್ಗೆಲ್ಲ ಗೊತ್ತಾದ್ರೆ ನಾಚ್ಕೆ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ರು. ನೀವು ಮಾತಾಡ್ವಾಗ ಬಾಯಿ ನೋಡ್ಕೊಂಡೇ ಉತ್ತರ ಕೊಡೋದು. ಆ ಗಾಡಿ ಸದ್ದೂ ಕೇಳಲ್ಲ ಅವರಿಗೆ, ಕೈಯಿಟ್ಟು ನೋಡಿ ತಿಳ್ಕೊಳ್ಳೋದು. ನಾನು ಕೂತ್ಕೊಳಲ್ಲ ಅಂದ್ರೆ ಘಾಟಿ ತನಕ ಹೋಗಲ್ಲ ಅನ್ಕೊಂಡಿದ್ದೆ. ಹೊರಟೇಬಿಟ್ರಲ್ಲೇ... ಅಷ್ಟು ದೂರ ಒಬ್ಬರನ್ನೇ ಹೆಂಗೆ ಕಳಿಸ್ಲಿ?"

ಅಷ್ಟು ಹೇಳಿ ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಗಿಳಿದರು. ಟ್ಯಾಂಕರಿನ ಮುಂದೆ ಹಾಯ್ದು, ಗಾಡಿಯ ಹತ್ತಿರ ಹೋಗಿ, ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ ಕೂತರು. ಗಾಡಿ ಒಮ್ಮೆ ಕುಗ್ಗಿತು. ಚಿಕ್ಕಪ್ಪ ತಿರುಗಿ ನೋಡಿದರು. ಆಮೇಲೆ ಮುಂದೆ ತಿರುಗಿ, ಕನ್ನಡಿಯನ್ನು ಅವರ ಮುಖ ಕಾಣುವ ಹಾಗೆ ಸರಿಮಾಡಿಕೊಂಡರು.

ನನಗೆ ನನ್ನ ಮೇಲೆಯೇ ಬಹಳ ನಾಚಿಕೆಯಾಯಿತು. ಎರಡು ವರ್ಷದಿಂದ ದಿನವೂ ಹೋಗಿ ಅವರನ್ನು ಆಡಿಕೊಂಡು ನಕ್ಕು ಬರುತ್ತಿದ್ದವಳು ನಾನು.

ಟ್ಯಾಂಕರಿನವನು ಇನ್ನೊಂದು ಸಲ ಹಾರ್ನ್ ಹೊಡೆದ. ಚಿಕ್ಕಪ್ಪ ಅಲುಗಲಿಲ್ಲ. ಚಿಕ್ಕಮ್ಮ ಹಿಂದೆ ತಿರುಗಿ, ಬರಿಗೈ ಎತ್ತಿ ಅಷ್ಟು ದೊಡ್ಡ ಟ್ಯಾಂಕರನ್ನು ಅಲ್ಲೇ ನಿಲ್ಲಿಸಿದರು. ಗಾಡಿ ಮೆಲ್ಲಗೆ ಮುಂದೆ ಹೋಯಿತು. ಅವರಿಬ್ಬರೂ ಬೀದಿಯ ಕೊನೆಯಲ್ಲಿ ತಿರುಗುವ ತನಕ ಆ ಕೈ ಕೆಳಗಿಳಿಯಲಿಲ್ಲ.